ಸಹಾರಾದಲ್ಲಿ ಕೆರೆಗಳಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸಹಾರಾದಲ್ಲಿ ಒಂದು ಕಾಲಕ್ಕೆ ಮೊಸಳೆ, ನೀರಾನೆ ಎಲ್ಲ ಇದ್ದವು ಅಂದರೆ ಎದುರಿಗೆ ಕೂತವರು ಮೊದಲು ನಗುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಮದುವೆ ಮನೆ ಪಂಕ್ತಿಯಲ್ಲಿ ಕೇಳಿದರೂ, ಶಾಲೆ ಮಕ್ಕಳು ಕೇಳಿದರೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಮೊದಲೇ ಒಂದು ಮಾತು. ಕೆರೆ ಅಂದರೆ ನಮ್ಮಲ್ಲಿ ಏರಿ ಕಟ್ಟಿ ನಿಲ್ಲಿಸಿದ ನೀರು. ಸಹಾರಾದವು ತಾವಾಗಿಯೇ ತುಂಬಿಕೊಂಡವು, ಸರೋವರ ಅನ್ನುವುದೇ ಸರಿ. ಆದರೆ ಸರೋವರ ಅಂದ ಕೂಡಲೇ ಕಮಲ, ಹಂಸ ಕಣ್ಣಿಗೆ ಬರುತ್ತೆ. ಅಲ್ಲಿದ್ದದ್ದು ಜೊಂಡು, ಕೆಸರು, ಮೀನಿನ ವಾಸನೆ. ಅದಕ್ಕೇ ನಾನು ಕೆರೆ ಅಂತಲೇ ಬರೆದಿದ್ದೇನೆ.

ನಿಜವಾಗಲೂ ಕೆರೆಗಳಿದ್ದವಾ, ಇಲ್ಲ ಊಹೆಯಾ?

ಇದ್ದವು. ಒಂದೆರಡಲ್ಲ, ಲೆಕ್ಕ ಇಡಲಾಗದಷ್ಟು. ಸುಮಾರು 14,500 ವರ್ಷಗಳ ಹಿಂದೆ ಉತ್ತರ ಆಫ್ರಿಕಾದಲ್ಲಿ ಮಳೆ ಜಾಸ್ತಿಯಾಯಿತು. ನಡುವೆ ಒಂದೆರಡು ಸಲ ಕೈಕೊಟ್ಟರೂ, ಸುಮಾರು 5000 ವರ್ಷಗಳ ಹಿಂದಿನವರೆಗೆ ಅಲ್ಲಿ ಹುಲ್ಲುಗಾವಲು, ಹಳ್ಳ, ಕೆರೆ ಇದ್ದವು. ಈಗ ಬರೀ ಮರಳು ಕಾಣುವ ಜಾಗದಲ್ಲಿ ಜಿರಾಫೆ ಮೇಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ಚಾಡ್ ಕೆರೆ. ಈಗ ಅದು ಚಾಡ್, ನೈಜರ್, ನೈಜೀರಿಯಾ, ಕ್ಯಾಮರೂನ್ ಸೇರುವ ಮೂಲೆಯಲ್ಲಿ ಸೊರಗಿ ಕೂತಿದೆ. ತುಂಬಿದ್ದಾಗ ಅದರ ಹರವು ಸುಮಾರು 3.5 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ 1.92 ಲಕ್ಷ. ಅಂದರೆ ಎರಡು ಕರ್ನಾಟಕಕ್ಕೆ ಸ್ವಲ್ಪ ಕಮ್ಮಿ ನೀರು! ಆಳವಿದ್ದ ಕಡೆ 150 ಮೀಟರ್‌ಗೂ ಮೀರಿ ಇತ್ತು. ಆ ಕಾಲದ ದಡ ಇವತ್ತಿಗೂ ಉಪಗ್ರಹದ ಚಿತ್ರದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತೆ.

ಅಷ್ಟೊಂದು ಮಳೆ ಎಲ್ಲಿಂದ ಬಂತು?

ಬುಗುರಿ ಆಡಿದವರಿಗೆ ಇದನ್ನು ಹೇಳುವುದು ಸುಲಭ. ಬುಗುರಿ ತಿರುಗುವಾಗ ಅದರ ತಲೆ ನಿಧಾನಕ್ಕೆ ವಾಲಾಡುತ್ತಾ ಒಂದು ಸುತ್ತು ಹಾಕುತ್ತೆ ಅಲ್ವಾ? ಭೂಮಿಯೂ ಹಾಗೇ ವಾಲಾಡುತ್ತೆ. ಅದರ ಒಂದು ಸುತ್ತಿಗೆ ಇಪ್ಪತ್ತು ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಈಗ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ. ಸುಮಾರು 11,000 ವರ್ಷಗಳ ಹಿಂದೆ ಅದು ಉತ್ತರಾರ್ಧದ ಬೇಸಿಗೆಯಲ್ಲಿ ಬರುತ್ತಿತ್ತು. ಬೇಸಿಗೆಯ ಬಿಸಿಲು ಈಗಿಗಿಂತ ಶೇಕಡ 7-8ರಷ್ಟು ಖಾರವಾಗಿತ್ತು.

ನೆಲ ಜಾಸ್ತಿ ಕಾದರೆ ಸಮುದ್ರದ ಹಸಿ ಗಾಳಿಯನ್ನು ಜಾಸ್ತಿ ಎಳೆಯುತ್ತೆ. ನಮ್ಮ ಮುಂಗಾರು ನಡೆಯುವುದೂ ಇದೇ ಲೆಕ್ಕದ ಮೇಲೆ. ಆಫ್ರಿಕಾದ ಮುಂಗಾರು ಆಗ ನೂರಾರು ಕಿಲೋಮೀಟರ್ ಉತ್ತರಕ್ಕೆ, ಮರುಭೂಮಿಯ ಹೊಟ್ಟೆಯವರೆಗೆ ನುಗ್ಗಿತು. ಹುಲ್ಲು ಬಂತು. ಬೋಳು ಮರಳು ಬಿಸಿಲನ್ನು ವಾಪಸ್ ಎಸೆಯುತ್ತೆ, ಹುಲ್ಲಿರುವ ನೆಲ ಹೀರಿಕೊಳ್ಳುತ್ತೆ. ಅದರಿಂದ ಇನ್ನಷ್ಟು ಮಳೆ. ಮಳೆಯೇ ಮಳೆಯನ್ನು ಕರೆಯಿತು ಅನ್ನಬಹುದು. ಈ ಬಿಸಿಲಿನ ಲೆಕ್ಕವನ್ನು ಹವಾಮಾನದ ಗಣಿತಕ್ಕೆ ಹಾಕಿ 1981ರಲ್ಲಿ ತೋರಿಸಿದವರು ಅಮೆರಿಕದ ಜಾನ್ ಕುಟ್ಸ್‌ಬಾಕ್.

ಭೂಮಿಯ ವಾಲಾಟ ಸಹಾರಾಕ್ಕೆ ಮಾತ್ರ ಅಲ್ಲ. ರಾಜಸ್ಥಾನದ ಥಾರ್ ಮರುಭೂಮಿಯಲ್ಲೂ ಡೀಡವಾನಾ, ಲೂಣಕರಣಸರದಂಥ ಕೆರೆಗಳು ತುಂಬಿ, ಆಮೇಲೆ ಬತ್ತಿವೆ. ಲೂಣಕರಣಸರ ಬತ್ತಿದ್ದು 5000 ವರ್ಷಕ್ಕೂ ಹಿಂದೆ. ಹರಪ್ಪದ ದೊಡ್ಡ ಊರುಗಳು ಎದ್ದು ನಿಂತದ್ದು ಅದಾದ ಮೇಲೆ. ಕೆರೆ ಬತ್ತಿದ್ದಕ್ಕೇ ಹರಪ್ಪ ಮುಳುಗಿತು ಅಂತ ಒಂದೇ ಏಟಿಗೆ ಹೇಳುವವರಿಗೆ ನಾನು ಈ ಲೆಕ್ಕ ಕೊಡುತ್ತೇನೆ.

ಹತ್ತು ಸಾವಿರ ವರ್ಷದ ಹಿಂದಿನದು ಇವತ್ತು ಹೇಗೆ ಗೊತ್ತಾಗುತ್ತೆ?

ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದಲ್ಲಿ ಯಾವತ್ತಾದರೂ ನಡೆದಿದ್ದೀರಾ? ಬಿರುಕು ಬಿಟ್ಟ ಗೋಡು. ಅದರೊಳಗೆ ಬಸವನಹುಳುವಿನ ಖಾಲಿ ಚಿಪ್ಪು, ಮೀನಿನ ಮುಳ್ಳು, ಎಲ್ಲೋ ಒಂದು ಮಡಕೆ ಚೂರು. ಅಂಚಿನ ಬಂಡೆಯ ಮೇಲೆ ನೀರು ನಿಂತಿದ್ದ ಬಿಳಿ ಗೆರೆ. ಸಹಾರಾದಲ್ಲೂ ಇರುವುದು ಇದೇ. ಬೀಸುವ ಗಾಳಿ ಮೇಲಿನ ಮರಳನ್ನು ಒಯ್ದಾಗ ಹಳೆ ಕೆರೆಯ ಅಂಗಳ ಹೊರಗೆ ಬೀಳುತ್ತೆ.

ಚಿಪ್ಪು, ಇದ್ದಿಲು, ಮೂಳೆಗೆ ಇಂಗಾಲದ ಪರೀಕ್ಷೆಯಿಂದ ವಯಸ್ಸು ಹೇಳುತ್ತಾರೆ. ಮರಳಿಗೂ ವಯಸ್ಸು ಹೇಳಬಹುದು. ಒಂದು ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅನ್ನುವುದನ್ನು ಅಳೆಯುವ ವಿಧಾನ ಇದೆ. ನನಗೆ ಇದು ಇವತ್ತಿಗೂ ಮಾಟದ ಹಾಗೆ ಕಾಣುತ್ತೆ.

ಚಾಡ್‌ನ ಬೊಡೆಲೆ ತಗ್ಗಿನಲ್ಲಿ ನೆಲವೆಲ್ಲ ಬೆಳ್ಳಗೆ, ಸುಣ್ಣ ಚೆಲ್ಲಿದ ಹಾಗಿದೆ. ಅದು ಸುಣ್ಣ ಅಲ್ಲ. ಕೆರೆಯಲ್ಲಿ ಬದುಕಿ ಸತ್ತ ಡಯಾಟಮ್ ಅನ್ನುವ ಕಣ್ಣಿಗೆ ಕಾಣದ ಪಾಚಿಯ ಚಿಪ್ಪುಗಳ ಪುಡಿ. ಪ್ರಪಂಚದಲ್ಲಿ ಅತಿ ಜಾಸ್ತಿ ಧೂಳು ಏಳುವ ಜಾಗಗಳಲ್ಲಿ ಇದೂ ಒಂದು. ಇಲ್ಲಿ ಎದ್ದ ಧೂಳು ಅಟ್ಲಾಂಟಿಕ್ ಸಾಗರ ದಾಟಿ ದಕ್ಷಿಣ ಅಮೆರಿಕದವರೆಗೆ ಹೋಗುತ್ತೆ.

ಧೂಳು ಇನ್ನೊಂದು ಕಡೆಯೂ ಸಾಕ್ಷಿ ಹೇಳುತ್ತೆ. ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ ಸಮುದ್ರದ ತಳವನ್ನು ಕೊರೆದು ತೆಗೆದ ಕೆಸರಿನಲ್ಲಿ ಪದರ ಪದರವಾಗಿ ಸಹಾರಾದ ಧೂಳಿದೆ. ನೆಲ ಹಸಿರಿದ್ದ ಕಾಲದ ಪದರದಲ್ಲಿ ಧೂಳು ಕಮ್ಮಿ, ಒಣಗಿದ ಮೇಲೆ ಜಾಸ್ತಿ.

ಗೊಬೆರೊ ಅಂದರೆ ಏನು? ಎಲ್ಲರೂ ಅದನ್ನೇ ಯಾಕೆ ಹೇಳುತ್ತಾರೆ?

ಗೊಬೆರೊ ನೈಜರ್ ದೇಶದ ತೆನೆರೆ ಮರುಭೂಮಿಯಲ್ಲಿದೆ. 2000ದಲ್ಲಿ ಪಾಲ್ ಸೆರೆನೊ ಅನ್ನುವ ವಿಜ್ಞಾನಿಯ ತಂಡ ಅಲ್ಲಿಗೆ ಹೋದದ್ದು ಡೈನೋಸಾರ್ ಮೂಳೆ ಹುಡುಕಲು. ಸಿಕ್ಕಿದ್ದು ಮನುಷ್ಯರ ಮೂಳೆ. ಒಬ್ಬಿಬ್ಬರದಲ್ಲ, ಎಣಿಸುತ್ತಾ ಹೋದರೆ ಸುಮಾರು 200 ಸಮಾಧಿ. ಹಳೆ ಕೆರೆಯೊಂದರ ಅಂಚಿನ ಮರಳು ದಿಬ್ಬದ ಮೇಲೆ.

ಮಡಕೆ ಚೂರುಗಳನ್ನು ನೋಡಿದ ಇಟಲಿಯ ಪುರಾತತ್ವಜ್ಞೆ ಎಲೆನಾ ಗಾರ್ಚೆಯಾ ಒಂದು ವಿಷಯ ಪತ್ತೆ ಹಚ್ಚಿದರು. ಅಲ್ಲಿ ಮಲಗಿರುವವರು ಒಂದೇ ಕಾಲದವರಲ್ಲ, ಎರಡು ಬೇರೆ ಬೇರೆ ಕಾಲದವರು. ಮೊದಲಿನವರು ಕಿಫಿಯನ್ನರು, ಸುಮಾರು 9700ರಿಂದ 8200 ವರ್ಷಗಳ ಹಿಂದಿನವರು. ದಪ್ಪ ಮೂಳೆಯ ಕಟ್ಟುಮಸ್ತಾದ ಜನ, ಕೆಲವರು ಎರಡು ಮೀಟರ್ ಹತ್ತಿರ ಎತ್ತರ. ಸತ್ತವರ ಕೈಕಾಲು ಮಡಚಿ, ಬಿಗಿಯಾಗಿ ಮುದ್ದೆ ಮಾಡಿ ಹೂಳುತ್ತಿದ್ದರು. ಮೈಯನ್ನು ಚರ್ಮದಲ್ಲೋ ಬುಟ್ಟಿಯಲ್ಲೋ ಬಿಗಿದು ಕಟ್ಟಿರಬೇಕು, ಇಲ್ಲದಿದ್ದರೆ ಅಷ್ಟು ಬಿಗಿ ಬರುವುದಿಲ್ಲ.

ಆಮೇಲೆ ಕೆರೆ ಬತ್ತಿತು. ಸಾವಿರ ವರ್ಷದಷ್ಟು ಕಾಲ ಅಲ್ಲಿ ಯಾರೂ ಇಲ್ಲ.

ನೀರು ಮತ್ತೆ ಬಂದಾಗ ಬಂದವರು ಬೇರೆ ಜನ, ಟೆನೆರಿಯನ್ನರು. ಸುಮಾರು 7200ರಿಂದ 4500 ವರ್ಷಗಳ ಹಿಂದಿನವರು. ಸಣಕಲು ಮೈ. ಅದೇ ದಿಬ್ಬ, ಅದೇ ಕೆರೆ. ತಮ್ಮ ಕಾಲ ಕೆಳಗೆ ಹಳಬರ ಸಮಾಧಿಗಳಿವೆ ಅನ್ನುವುದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಟೆನೆರಿಯನ್ನರ ಒಂದು ಸಮಾಧಿ ಬಗ್ಗೆ ಹೇಳಲೇಬೇಕು. ಒಬ್ಬ ಹೆಂಗಸು ಪಕ್ಕಕ್ಕೆ ತಿರುಗಿ ಮಲಗಿದ್ದಾಳೆ. ಅವಳ ಎದುರಿಗೆ ಎರಡು ಚಿಕ್ಕ ಮಕ್ಕಳು, ಅವಳ ಕಡೆಗೇ ಮುಖ. ಮೂವರ ತೋಳುಗಳೂ ಚಾಚಿವೆ, ಬೆರಳುಗಳು ಹೆಣೆದುಕೊಂಡಿವೆ. ಗಾಯದ ಗುರುತಿಲ್ಲ. ಜೊತೆಯಲ್ಲಿ ನಾಲ್ಕು ಕಲ್ಲಿನ ಬಾಣದ ಮೊನೆಗಳು. ಮೂಳೆಗಳ ಕೆಳಗಿನ ಮಣ್ಣಿನಲ್ಲಿ ಹೂವಿನ ಪರಾಗ ಗುಂಪು ಗುಂಪಾಗಿ ಸಿಕ್ಕಿದೆ. ಯಾರೋ ಹೂ ಹಾಸಿ ಮಲಗಿಸಿದ್ದಾರೆ. ಮೂವರು ಒಟ್ಟಿಗೆ ಹೇಗೆ ಸತ್ತರು ಅನ್ನುವುದನ್ನು ಮೂಳೆ ಹೇಳುತ್ತಿಲ್ಲ. ತಾಯಿ-ಮಕ್ಕಳು ಅಂತ ನಾವು ಅಂದುಕೊಳ್ಳುತ್ತೇವೆ. ಕೈ ಹಿಡಿಸಿ ಮಲಗಿಸಿದವರು ಮಾತ್ರ ಅವರನ್ನು ಬಲ್ಲವರೇ.

ಇನ್ನೊಂದು ಸಮಾಧಿಯಲ್ಲಿ ಒಬ್ಬ ಹುಡುಗಿಯ ತೋಳಿಗೆ ನೀರಾನೆಯ ಕೋರೆಹಲ್ಲಿನಲ್ಲಿ ಕೊರೆದ ಬಳೆ ಇದೆ. ಮತ್ತೊಂದರಲ್ಲಿ ಒಬ್ಬ ಗಂಡಸನ್ನು ಆಮೆಯ ಚಿಪ್ಪಿನ ಮೇಲೆ ಕೂರಿಸಿದ್ದಾರೆ. ಯಾಕೆ ಅಂತ ಕೇಳಬೇಡಿ.

ಅವರು ಏನು ತಿನ್ನುತ್ತಿದ್ದರು?

ಮೀನು. ಮತ್ತೆ ಮೀನು.

ಲಿಬಿಯಾದ ಅಕಾಕಸ್ ಬೆಟ್ಟಗಳಲ್ಲಿ ತಕರ್ಕೋರಿ ಅನ್ನುವ ಕಲ್ಲಾಸರೆ ಇದೆ. ಈಗ ಅಲ್ಲಿ ನಿಂತರೆ ಸುತ್ತ ಬರೀ ಬಂಡೆ, ಮರಳು. ಅಲ್ಲಿ ಜನ ಉಂಡು ಎಸೆದ ಮೂಳೆಗಳಲ್ಲಿ 17,551 ಚೂರುಗಳನ್ನು ಎಣಿಸಿ ಗುರುತಿಸಿ 2020ರಲ್ಲಿ ಪ್ರಕಟಿಸಿದರು. ಅದರಲ್ಲಿ ಹತ್ತಿರ ಹತ್ತಿರ ಶೇಕಡ 80 ಮೀನಿನವು. ಹಳೆಯ ಪದರಗಳಲ್ಲಿ ಮೀನು ಶೇಕಡ 90ರ ಹತ್ತಿರ, ಮೇಲಿನ ಪದರಗಳಿಗೆ ಬರುವ ಹೊತ್ತಿಗೆ 40ಕ್ಕೆ ಇಳಿಯುತ್ತೆ. ಒಂದು ತಿಪ್ಪೆಯನ್ನು ಕೆಳಗಿಂದ ಮೇಲಕ್ಕೆ ಓದಿದರೆ ಕೆರೆ ಬತ್ತಿದ ಕಥೆ ಕಾಣುತ್ತೆ.

ಯಾವ ಮೀನು? ಎರಡೇ ಬಗೆ ಜಾಸ್ತಿ. ಒಂದು ಮೀಸೆಯ ಕ್ಯಾಟ್‌ಫಿಶ್, ನಮ್ಮ ಮುರುಗೋಡಿನ ಬಳಗ. ಇನ್ನೊಂದು ತಿಲಾಪಿಯಾ, ಬೆಂಗಳೂರು ಕಡೆ ಜಿಲೇಬಿ ಅಂತ ಮಾರುತ್ತಾರಲ್ಲ, ಅದರ ನೆಂಟ. ಜಿಲೇಬಿ ಮೀನು ನಮ್ಮ ಕೆರೆಗಳಿಗೆ ಬಂದದ್ದು ಆಫ್ರಿಕಾದಿಂದಲೇ, ಆದರೆ ತೀರಾ ಇತ್ತೀಚೆಗೆ. ಇವೆರಡೂ ನೀರು ಕಮ್ಮಿಯಾದರೂ ಗಟ್ಟಿಯಾಗಿ ತಾಳುವ ಮೀನುಗಳು. ಕ್ಯಾಟ್‌ಫಿಶ್ ಅಂತೂ ಗಾಳಿಯನ್ನೇ ಕುಡಿದು ಕೆಸರಿನಲ್ಲಿ ಬದುಕುತ್ತೆ. ಬತ್ತುವ ಕೆರೆಯಲ್ಲಿ ಕೊನೆಗೆ ಉಳಿಯುವುದು ಅಂಥದ್ದೇ.

ಗೊಬೆರೊದ ಕೆರೆ ಸ್ವಲ್ಪ ಆಳ ಇದ್ದ ಕಾಲದಲ್ಲಿ ನೈಲ್ ಪರ್ಚ್ ಅನ್ನುವ ಭಾರಿ ಮೀನೂ ಸಿಗುತ್ತಿತ್ತು. ಅದಕ್ಕೆ ಮೂಳೆಯಲ್ಲಿ ಮುಳ್ಳು ಮುಳ್ಳಾಗಿ ಕೆತ್ತಿದ ಹಾರ್ಪೂನ್ ಬೇಕು. ಒಳಗೆ ಹೋದರೆ ಹಿಂದಕ್ಕೆ ಬರದ ಹಾಗೆ ಕಚ್ಚುವ ಮೊನೆ ಅದು. ಇಂಥ ಹಾರ್ಪೂನ್‌ಗಳು ಸಹಾರಾದ ಪಶ್ಚಿಮದಿಂದ ಕೆನ್ಯಾದ ತುರ್ಕಾನಾ ಕೆರೆಯವರೆಗೆ ಸಿಕ್ಕಿವೆ.

ಸುಮ್ನೆ ಮೀನಷ್ಟೇ ತಿಂದು ಬದುಕಿದರು ಅಂದುಕೊಳ್ಳಬೇಡಿ. ತಕರ್ಕೋರಿಯಲ್ಲಿ ಕಾಡುಹುಲ್ಲಿನ ಕಾಳು ರಾಶಿ ರಾಶಿ ಸಿಕ್ಕಿದೆ. ಮಡಕೆಯ ಗೋಡೆಯೊಳಗೆ ಇಂಗಿದ ಜಿಡ್ಡನ್ನು ಪರೀಕ್ಷೆ ಮಾಡಿದಾಗ ಹುಲ್ಲಿನ ಕಾಳು, ಸೊಪ್ಪು, ನೀರಿನ ಗಿಡಗಳನ್ನು ಬೇಯಿಸಿದ ಗುರುತು ಕಂಡಿದೆ. ಗಂಜಿ, ಸಾರು ಇಲ್ಲದ ಮನೆ ಎಲ್ಲೂ ಇಲ್ಲ ನೋಡಿ.

ಮಡಕೆ ಇತ್ತು ಅಂದಮೇಲೆ ಬೇಸಾಯವೂ ಇತ್ತಲ್ಲವಾ?

ಇರಲಿಲ್ಲ. ಶಾಲೆಯಲ್ಲಿ ನಾವು ಓದಿದ್ದು ಮೊದಲು ಬೇಸಾಯ, ಆಮೇಲೆ ಊರು, ಆಮೇಲೆ ಮಡಕೆ ಅಂತ. ಸಹಾರಾದವರು ಆ ಪಾಠ ಓದಿರಲಿಲ್ಲ. ಅವರು ಹತ್ತು ಸಾವಿರ ವರ್ಷದ ಹಿಂದೆಯೇ ಮಡಕೆ ಸುಡುತ್ತಿದ್ದರು, ಅದರ ಮೇಲೆ ಅಲೆ ಅಲೆಯಾಗಿ ಗೆರೆ ಎಳೆಯುತ್ತಿದ್ದರು. ಉಳುಮೆ ಇಲ್ಲ. ಹತ್ತಿರದಲ್ಲಿ ಮೀನಿದ್ದು, ಕಾಳಿದ್ದು, ವರ್ಷದಲ್ಲಿ ಹಲವು ತಿಂಗಳು ಒಂದೇ ಕಡೆ ಕೂರುವುದಾದರೆ ಮಡಕೆ ಬೇಕಾಗುತ್ತೆ, ಅಷ್ಟೇ.

ಅಕಾಕಸ್‌ನ ಉವಾನ್ ಅಫುಡಾ ಗವಿಯಲ್ಲಿ ಇನ್ನೊಂದು ಸ್ವಾರಸ್ಯ. ಗವಿಯ ಒಳಭಾಗದಲ್ಲಿ ಕಾಡುಕುರಿಗಳ ಹಿಕ್ಕೆ ಗಟ್ಟಿ ಪದರವಾಗಿ ಕೂತಿದೆ. ಅಂದರೆ ಕಾಡುಕುರಿಗಳನ್ನು ಹಿಡಿದು ಕೂಡಿಹಾಕಿ ಮೇವು ಹಾಕುತ್ತಿದ್ದರು. ಸಾಕಿದ್ದು ಅನ್ನಲಾಗದು, ಬೇಟೆ ಅನ್ನಲೂ ಆಗದು. ಫ್ರಿಜ್ ಅನ್ನಬಹುದೇನೋ.

ದೋಣಿ ಇತ್ತಾ?

ಇತ್ತು, ಸಿಕ್ಕಿದೆ. 1987ರಲ್ಲಿ ನೈಜೀರಿಯಾದ ಈಶಾನ್ಯ ಭಾಗದ ದುಫುನಾ ಅನ್ನುವ ಹಳ್ಳಿಯ ಹತ್ತಿರ ಫುಲಾನಿ ದನಗಾಹಿಯೊಬ್ಬ ಬಾವಿ ತೋಡುತ್ತಿದ್ದ. ಸುಮಾರು ಐದು ಮೀಟರ್ ಆಳದಲ್ಲಿ ಅವನ ಸಲಕೆ ಯಾವುದಕ್ಕೋ ಬಡಿಯಿತು. ಕಲ್ಲಲ್ಲ, ಮರ. ಆಮೇಲೆ ಅಗೆದು ನೋಡಿದರೆ 8.4 ಮೀಟರ್ ಉದ್ದದ ದೋಣಿ, ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ್ದು. ವಯಸ್ಸು ಸುಮಾರು 8000 ವರ್ಷ. ಆಫ್ರಿಕಾದಲ್ಲಿ ಸಿಕ್ಕ ಅತಿ ಹಳೆಯ ದೋಣಿ ಅದು. ಮೂತಿ, ಬಾಲ ಎರಡೂ ಚೂಪಾಗಿ ಕೆತ್ತಿದ್ದಾರೆ. ಕಬ್ಬಿಣ ಇಲ್ಲದ ಕಾಲದಲ್ಲಿ ಕಲ್ಲಿನ ಕೊಡಲಿ ಹಿಡಿದು ಇಷ್ಟು ನಾಜೂಕಾಗಿ ಕೊರೆದವರಿಗೆ ಅದು ಮೊದಲ ದೋಣಿ ಆಗಿರಲಿಕ್ಕಿಲ್ಲ. ಅವರ ಅಪ್ಪ, ತಾತ ಎಲ್ಲ ದೋಣಿ ಮಾಡಿಯೇ ಕೈ ಪಳಗಿರಬೇಕು.

ನೀರು ಹುಡುಕಿ ಬಾವಿ ತೋಡಿದವನಿಗೆ ನೀರಿದ್ದ ಕಾಲದ ದೋಣಿ ಸಿಕ್ಕಿತು ಅನ್ನುವುದನ್ನು ನಾನು ಯಾರಿಗೆ ಹೇಳಿದರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ದನ ಸಾಕಲು ಶುರು ಮಾಡಿದ್ದು ಯಾವಾಗ?

ಸುಮಾರು 7000 ವರ್ಷಗಳ ಹಿಂದೆ ಸಹಾರಾದ ನಡುಭಾಗದಲ್ಲಿ ದನ ಕಾಯುವುದು ಜೋರಾಗಿಯೇ ನಡೆದಿತ್ತು. ತಕರ್ಕೋರಿಯ ಮಡಕೆ ಚೂರುಗಳಲ್ಲಿ ಹಾಲಿನ ಜಿಡ್ಡು ಸಿಕ್ಕಿದೆ. 2012ರಲ್ಲಿ ಬಂದ ಸುದ್ದಿ ಇದು. ಹಸಿ ಹಾಲು ದೊಡ್ಡವರಿಗೆ ಎಲ್ಲರಿಗೂ ಅರಗುವುದಿಲ್ಲ. ಮಡಕೆಯಲ್ಲಿ ಕಾಸಿ, ಹೆಪ್ಪಾಗಿಸಿ ಉಂಡರೆ ತೊಂದರೆ ಕಮ್ಮಿ. ಮೊಸರು, ಬೆಣ್ಣೆಯ ಹಾದಿ ಅವರಿಗೂ ಗೊತ್ತಿತ್ತು ಅಂತ ಸಂಶೋಧಕರು ಹೇಳುತ್ತಾರೆ.

ಈಜಿಪ್ಟಿನ ದಕ್ಷಿಣದಲ್ಲಿ, ಅಬು ಸಿಂಬೆಲ್‌ನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರ, ನಬ್ತಾ ಪ್ಲಾಯಾ ಅನ್ನುವ ತಗ್ಗಿದೆ. ಮಳೆಗಾಲದಲ್ಲಿ ತುಂಬಿ ಆಮೇಲೆ ಬತ್ತುತ್ತಿದ್ದ ಕೆರೆ ಅದು. ಅಲ್ಲಿನವರು ಬಾವಿ ತೋಡಿದ್ದರು, ಗುಡಿಸಲುಗಳನ್ನು ಸಾಲಾಗಿ ಕಟ್ಟಿದ್ದರು, ದನಗಳನ್ನು ಕಲ್ಲುಗುಡ್ಡೆಯ ಕೆಳಗೆ ಮರ್ಯಾದೆಯಿಂದ ಹೂತಿದ್ದರು. ಕಲ್ಲುಗಳನ್ನು ವೃತ್ತವಾಗಿ ನೆಟ್ಟಿದ್ದರು. ಬೇಸಿಗೆಯ ಅತಿ ಉದ್ದದ ಹಗಲಿನ ಸೂರ್ಯ ಹುಟ್ಟುವ ದಿಕ್ಕಿಗೆ ಅದು ಹೊಂದುತ್ತೆ ಅಂತಾರೆ. ಮಳೆ ಬರುವ ಹೊತ್ತೂ ಅದೇ. ಇದನ್ನು ವೀಕ್ಷಣಾಲಯ ಅಂತ ದೊಡ್ಡ ಮಾತಿನಲ್ಲಿ ಕರೆಯುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಮಳೆ ಯಾವಾಗ ಅಂತ ಆಕಾಶ ನೋಡುವ ಅಭ್ಯಾಸ ನಮ್ಮ ರೈತರಿಗೂ ಇದೆಯಲ್ಲ, ರೋಹಿಣಿ, ಮೃಗಶಿರಾ ಅಂತ ಎಣಿಸುವುದು. ಅದೂ ಆ ಜಾತಿಯದೇ ಅನ್ನಿಸುತ್ತೆ.

ಗುಹೆ ಗೋಡೆಯಲ್ಲಿ ಈಜುವವರ ಚಿತ್ರ ಇದೆಯಂತೆ?

ಇದೆ. ಈಜಿಪ್ಟಿನ ಗಿಲ್ಫ್ ಕೆಬೀರ್‌ನಲ್ಲಿ, 1933ರಲ್ಲಿ ಹಂಗೇರಿಯ ಅನ್ವೇಷಕ ಅಲ್ಮಾಶಿ ಕಂಡದ್ದು. ಕೈಕಾಲು ಚಾಚಿದ ಪುಟ್ಟ ಮನುಷ್ಯರು. ಅವರು ನಿಜಕ್ಕೂ ಈಜುತ್ತಿದ್ದಾರೋ, ಸತ್ತವರ ಲೋಕಕ್ಕೆ ತೇಲುತ್ತಿದ್ದಾರೋ ಅಂತ ಜಗಳ ಮುಗಿದಿಲ್ಲ. ನನಗೆ ಅದಕ್ಕಿಂತ ಇಷ್ಟವಾದದ್ದು ಅಲ್ಜೀರಿಯಾದ ಜಾನೆಟ್ ಹತ್ತಿರದ ಬಂಡೆ. ಅದರಲ್ಲಿ ಕೆತ್ತಿದ ಹಸುಗಳ ಕಣ್ಣಿಂದ ಹನಿ ಇಳಿಯುತ್ತಿರುವ ಹಾಗಿದೆ. ನೀರು ಕುಡಿಯಲು ಬಂದು ಹೊಂಡ ಬತ್ತಿದ್ದನ್ನು ನೋಡಿ ಅಳುತ್ತಿವೆ ಅಂತ ಅಲ್ಲಿನವರು ಕಥೆ ಹೇಳುತ್ತಾರೆ.

ಕೆರೆ ದಂಡೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಇದ್ದರಾ?

ಎಲ್ಲ ಕಡೆ ಅಲ್ಲ. ಕೆನ್ಯಾದ ತುರ್ಕಾನಾ ಕೆರೆಯ ಪಕ್ಕ ನಟರುಕ್ ಅನ್ನುವ ಜಾಗವಿದೆ. ಈಗ ನೀರು ದೂರ ಸರಿದಿದೆ, ಸುಮಾರು 10,000 ವರ್ಷಗಳ ಹಿಂದೆ ಅದು ಕೆರೆಯ ಹಿನ್ನೀರಿನ ಅಂಚು. ಅಲ್ಲಿ 27 ಜನರ ಮೂಳೆ ಸಿಕ್ಕಿದವು. ಹೂತದ್ದಲ್ಲ, ಬಿದ್ದಲ್ಲೇ ಬಿದ್ದವು. ಒಡೆದ ತಲೆಬುರುಡೆ, ಒಬ್ಬನ ಬುರುಡೆಯಲ್ಲಿ ನಾಟಿಕೊಂಡ ಕಲ್ಲಿನ ಅಲಗು. ತುಂಬು ಗರ್ಭಿಣಿಯೊಬ್ಬಳು ಕೈ ಕಟ್ಟಿಸಿಕೊಂಡ ಭಂಗಿಯಲ್ಲಿದ್ದಾಳೆ. 2016ರಲ್ಲಿ ಇದು ಪ್ರಕಟವಾದಾಗ ಕೆಲವರು ಒಪ್ಪಲಿಲ್ಲ, ಎಷ್ಟೋ ಬುರುಡೆ ಒಡೆದದ್ದು ಸತ್ತ ಮೇಲೆ ಅಂದರು. ನಾಟಿಕೊಂಡ ಅಲಗಿಗೆ ಮಾತ್ರ ಬೇರೆ ಅರ್ಥ ಹೇಳುವುದು ಕಷ್ಟ. ಒಳ್ಳೆ ನೀರು, ಒಳ್ಳೆ ಮೀನು ಇರುವ ಜಾಗ ಎಲ್ಲರಿಗೂ ಬೇಕು.

ಅವರು ಯಾವ ಜನ?

ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ, ಒಂದು ತುಂಡು ಸಿಕ್ಕಿದೆ. ತಕರ್ಕೋರಿಯಲ್ಲಿ ಹೂತಿದ್ದ ಇಬ್ಬರು ಹೆಂಗಸರ ಡಿಎನ್‌ಎ ಓದಿ 2025ರಲ್ಲಿ ಪ್ರಕಟಿಸಿದರು. ಇಬ್ಬರೂ ಸುಮಾರು 7000 ವರ್ಷಗಳ ಹಿಂದಿನವರು. ಮರುಭೂಮಿಯ ಶಾಖದಲ್ಲಿ ಡಿಎನ್‌ಎ ಉಳಿದದ್ದೇ ದೊಡ್ಡದು. ಅವರ ವಂಶ ಉತ್ತರ ಆಫ್ರಿಕಾದ ಒಂದು ಹಳೆಯ ಕವಲು, ಬಹಳ ಕಾಲ ತಾನಾಯಿತು ತನ್ನ ಪಾಡಾಯಿತು ಅಂತ ಇದ್ದದ್ದು. ಸಹಾರಾದ ದಕ್ಷಿಣದವರ ಬೆರಕೆ ತೀರಾ ಕಮ್ಮಿ. ಹಾಗಾದರೆ ದನ ಸಾಕುವ ವಿದ್ಯೆ ಹೊರಗಿನವರು ದಂಡಾಗಿ ಬಂದು ನೆಲೆಸಿ ತಂದದ್ದಲ್ಲ. ನೆರೆಯವರಿಂದ ನೋಡಿ ಕಲಿತದ್ದು.

ನೀರು ಒಂದೇ ಸಲ ಬತ್ತಿತಾ, ನಿಧಾನಕ್ಕಾ?

ಇಲ್ಲಿ ಎರಡು ಗುಂಪು. ಸಮುದ್ರದ ತಳದ ಧೂಳನ್ನು ನೋಡಿದ ಪೀಟರ್ ಡಿಮೆನೊಕಲ್ ತಂಡ 2000ದಲ್ಲಿ ಹೇಳಿದ್ದು: ಸುಮಾರು 5500 ವರ್ಷಗಳ ಹಿಂದೆ, ಕೆಲವೇ ಶತಮಾನಗಳಲ್ಲಿ, ಧೂಳು ದಿಢೀರನೆ ಏರಿದೆ. ಚಾಡ್‌ನ ಯೋವಾ ಕೆರೆಯ ತಳದ ಕೆಸರನ್ನು ನೋಡಿದ ಸ್ಟೆಫಾನ್ ಕ್ರೋಪೆಲಿನ್ ತಂಡ 2008ರಲ್ಲಿ ಹೇಳಿದ್ದು: ಇಲ್ಲ, ಹುಲ್ಲು ಕಮ್ಮಿಯಾಗುತ್ತಾ, ಮರಳು ಜಾಸ್ತಿಯಾಗುತ್ತಾ ಸಾವಿರಾರು ವರ್ಷ ತಗೊಂಡಿದೆ.

ಇಬ್ಬರ ಮಾತೂ ನಿಜ ಇರಬಹುದು ಅನ್ನುವುದು ನನ್ನ ಲೆಕ್ಕ. ಬಿಸಿಲು ನಿಧಾನಕ್ಕೆ ಇಳಿಯಿತು. ಉತ್ತರದ ಕೆರೆಗಳು ಮೊದಲು ಹೋದವು, ದಕ್ಷಿಣದವು ಆಮೇಲೆ. ಅಂತರ್ಜಲದ ಆಸರೆ ಇದ್ದ ಕೆರೆ ತಾಳಿಕೊಂಡಿತು, ಇಲ್ಲದ್ದು ಒಂದೆರಡು ಬರಕ್ಕೇ ಹೋಯಿತು. ಒಂದೇ ತಾಲ್ಲೂಕಿನಲ್ಲಿ ಒಂದು ಕೆರೆ ಬತ್ತಿ ಪಕ್ಕದ್ದು ತುಂಬಿರುವುದನ್ನು ನಾವೇ ನೋಡಿಲ್ಲವಾ?

ದನ ಮೇಯಿಸಿ ಮೇಯಿಸಿ ಮರುಭೂಮಿ ಮಾಡಿಕೊಂಡರು ಅಂತಾರಲ್ಲ?

2017ರಲ್ಲಿ ಡೇವಿಡ್ ರೈಟ್ ಅನ್ನುವ ಪುರಾತತ್ವಜ್ಞ ಹಾಗೆ ವಾದಿಸಿದರು. ಹುಲ್ಲು ಹೋಯಿತು, ನೆಲ ಬೋಳಾಯಿತು, ಮಳೆ ಹಿಂದೆ ಸರಿಯಿತು ಅಂತ. ಮರುವರ್ಷವೇ ಇನ್ನೊಂದು ತಂಡ ಉಲ್ಟಾ ಹೇಳಿತು. ದನಗಾಹಿಗಳು ಜಾಗ ಬದಲಿಸುತ್ತಾ ಮೇಯಿಸಿದ್ದರಿಂದ ಹಸಿರು ಇನ್ನಷ್ಟು ಕಾಲ ಉಳಿಯಿತು ಅಂತ. ನನಗೆ ಎರಡನೆಯದೇ ಹತ್ತಿರ. ಭೂಮಿಯ ವಾಲಾಟದ ತಪ್ಪನ್ನು ದನ ಕಾಯುವವನ ತಲೆಗೆ ಕಟ್ಟುವ ಮೊದಲು ಸ್ವಲ್ಪ ಯೋಚಿಸಬೇಕು.

ಕೆರೆ ಬತ್ತಿದ ಮೇಲೆ ಜನ ಎಲ್ಲಿ ಹೋದರು?

ನೀರಿನ ಹಿಂದೆ ಹೋದರು. ಪೂರ್ವದ ಕಡೆಯವರಲ್ಲಿ ತುಂಬ ಜನ ನೈಲ್ ನದಿಯ ದಂಡೆಗೆ. ಮಳೆ ಜಾಸ್ತಿ ಇದ್ದ ಕಾಲದಲ್ಲಿ ಆ ಕಣಿವೆ ಬರೀ ಪ್ರವಾಹ, ಜೌಗು. ಇರಲು ಅಷ್ಟು ಹಿತವಾಗಿರಲಿಲ್ಲ. ಸುತ್ತ ಒಣಗಿದ ಮೇಲೆ ಅದೇ ಆಸರೆಯಾಯಿತು. ಫೇರೋಗಳ ಈಜಿಪ್ಟ್ ಎದ್ದದ್ದು ಅದಾದ ಮೇಲೆ. ಹಾಗಂತ ಬರ ಬಿತ್ತು, ಪಿರಮಿಡ್ ಎದ್ದಿತು ಅಂತ ಒಂದೇ ಸಾಲಿನಲ್ಲಿ ಬರೆಯುವವರನ್ನು ಕಂಡರೆ ನನಗೆ ಕಿರಿಕಿರಿ. ನಡುವೆ ಎಷ್ಟೋ ಶತಮಾನ, ಎಷ್ಟೋ ತಲೆಮಾರುಗಳಿವೆ.

ಉಳಿದವರು ದನ ಹೊಡೆದುಕೊಂಡು ದಕ್ಷಿಣಕ್ಕೆ ಹೋದರು. ಕೆಲವರು ಓಯಸಿಸ್‌ಗಳಲ್ಲಿ ಅಲ್ಲಲ್ಲೇ ಉಳಿದರು.

ಇದಕ್ಕೂ ನಮ್ಮ ಕರ್ನಾಟಕಕ್ಕೂ ಏನು ಸಂಬಂಧ?

ಸಜ್ಜೆ ರೊಟ್ಟಿ.

ತಮಾಷೆ ಅಲ್ಲ. ದಕ್ಷಿಣಕ್ಕೆ ಸರಿದ ಜನ ಕಾಡುಹುಲ್ಲಿನ ಕಾಳು ಆಯುವುದನ್ನು ಬಿಟ್ಟು ಬಿತ್ತಲು ಶುರು ಮಾಡಿದರು. ಕಮ್ಮಿ ಮಳೆಗೆ, ಮರಳು ನೆಲಕ್ಕೆ ಒಗ್ಗಿದ ಹುಲ್ಲು ಅದು. ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ಸುಮಾರು 4500 ವರ್ಷಗಳ ಹಿಂದಿನ ಮಡಕೆ ಚೂರುಗಳಿವೆ. ಜೇಡಿಮಣ್ಣಿಗೆ ಹೊಟ್ಟು ಕಲಸಿ ಮಡಕೆ ಮಾಡಿದ್ದರು. ಸುಡುವಾಗ ಹೊಟ್ಟು ಉರಿದುಹೋಯಿತು, ಅದರ ಅಚ್ಚು ಉಳಿಯಿತು. ಆ ಅಚ್ಚು ಸಾಕಿದ ಸಜ್ಜೆಯದು, ಕಾಡಿನದಲ್ಲ.

ಅಲ್ಲಿಂದ ಸಜ್ಜೆ ಆಫ್ರಿಕಾ ದಾಟಿ, ಸಮುದ್ರ ದಾಟಿ ನಮ್ಮ ಕಡೆ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ಹಳೆ ನೆಲೆಯಲ್ಲಿ, ಮೂರು ಸಾವಿರ ವರ್ಷಕ್ಕೂ ಹಿಂದಿನ ಪದರಗಳಲ್ಲಿ ಸುಟ್ಟ ಸಜ್ಜೆ ಕಾಳು ಸಿಕ್ಕಿದೆ. ಜೋಳದ ಊರೂ ಅದೇ ಸೀಮೆ. ನಬ್ತಾ ಪ್ಲಾಯಾದವರು 8000 ವರ್ಷಗಳ ಹಿಂದೆ ಕಾಡುಜೋಳ ಆಯ್ದು ತಿನ್ನುತ್ತಿದ್ದರು. ಅದನ್ನು ಬಿತ್ತಿ ಸಾಕಿದ್ದು ಸುಡಾನ್‌ನ ಪೂರ್ವದಲ್ಲಿ, ಸುಮಾರು 5000 ವರ್ಷಗಳ ಹಿಂದೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಸಜ್ಜೆ ರೊಟ್ಟಿ, ನಿತ್ಯದ ಜೋಳದ ರೊಟ್ಟಿ, ಎರಡೂ ಒಣಗುತ್ತಿದ್ದ ಆ ನೆಲದ ಅಂಚಿನಿಂದ ಹೊರಟ ಕಾಳುಗಳು.

ಸಹಾರಾ ಹಸಿರಾದದ್ದು ಅದೊಂದೇ ಸಲವಾ? ಮತ್ತೆ ಆಗುತ್ತಾ?

ಹಿಂದೆ ನೂರಾರು ಸಲ ಆಗಿದೆ. ಬುಗುರಿ ವಾಲಿದ ಹಾಗೆಲ್ಲ ಆಗುತ್ತೆ. ಅರೇಬಿಯಾದ ನೆಫೂದ್ ಮರುಭೂಮಿಯ ಒಂದು ಬತ್ತಿದ ಕೆರೆ ಅಂಗಳದಲ್ಲಿ ಆನೆ, ಒಂಟೆಗಳ ಹೆಜ್ಜೆ ಜೊತೆ ಮನುಷ್ಯರ ಹೆಜ್ಜೆಗಳೂ ಇವೆ. ಸುಮಾರು 1,20,000 ವರ್ಷ ಹಳೆಯವು. ನೀರು ಕುಡಿದು ಮುಂದಕ್ಕೆ ನಡೆದಿದ್ದಾರೆ, ಕಲ್ಲಿನ ಆಯುಧ ಏನೂ ಬಿಟ್ಟಿಲ್ಲ.

ಮುಂದಿನ ಸರದಿ ಬರಲು ಇನ್ನೂ ಸುಮಾರು ಹತ್ತು ಸಾವಿರ ವರ್ಷ ಬೇಕು. ಭೂಮಿ ಬಿಸಿಯಾಗುತ್ತಿದೆ, ಹಾಗಾಗಿ ಸಹಾರಾ ನಾಳೆಯೇ ಹಸಿರಾಗುತ್ತೆ ಅನ್ನುವ ವಾಟ್ಸಾಪ್ ಸಂದೇಶಗಳನ್ನು ನಂಬಬೇಡಿ.

ಆ ಕಾಲದ ನೀರು ಎಲ್ಲಾದರೂ ಉಳಿದಿದೆಯಾ?

ನೆಲದಡಿ ಬೇಕಾದಷ್ಟಿದೆ. ಈಜಿಪ್ಟ್, ಲಿಬಿಯಾ, ಚಾಡ್, ಸುಡಾನ್ ನಾಲ್ಕೂ ದೇಶಗಳ ಕೆಳಗೆ ಮರಳುಗಲ್ಲಿನಲ್ಲಿ ಹಳೆ ಮಳೆಗಾಲಗಳ ನೀರು ಇಂಗಿ ಕೂತಿದೆ. ಲಿಬಿಯಾ ಅದನ್ನು ಬೋರ್‌ವೆಲ್ ಹಾಕಿ ಎತ್ತಿ, ಪೈಪಿನಲ್ಲಿ ಕರಾವಳಿಯ ಊರುಗಳಿಗೆ ಹರಿಸುತ್ತಿದೆ. ಬಳಸಿದಷ್ಟು ಖಾಲಿ, ತುಂಬಿಸುವ ಮಳೆ ಇಲ್ಲ. ಬೋರ್‌ವೆಲ್ ಕೊರೆಸಿ ಸುಸ್ತಾದ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೆಲದ ಮೇಲೂ ಸ್ವಲ್ಪ ಇದೆ. ಚಾಡ್‌ನ ಉನಿಯಾಂಗಾದಲ್ಲಿ 18 ಕೆರೆಗಳಿವೆ, ಯೋವಾ ಅವುಗಳಲ್ಲೊಂದು. ಅಲ್ಲಿ ಮಳೆ ಅನ್ನುವುದೇ ಇಲ್ಲ ಅನ್ನಬಹುದು. ಬಿಸಿಲು ವರ್ಷಕ್ಕೆ ಆರು ಮೀಟರ್‌ನಷ್ಟು ನೀರನ್ನು ಕುಡಿಯುತ್ತೆ. ಅಷ್ಟನ್ನೂ ನೆಲದಡಿಯ ಹಳೆ ನೀರೇ ತುಂಬಿಕೊಡುತ್ತಿದೆ.

ಅದೇ ದೇಶದ ಎನ್ನೆಡಿ ಬೆಟ್ಟಗಳಲ್ಲಿ ಆರ್ಚಿ ಅನ್ನುವ ಕಲ್ಲಿನ ಕಣಿವೆ ಇದೆ. ಎರಡು ಕಡೆ ಎತ್ತರದ ಬಂಡೆ, ನಡುವೆ ಕಪ್ಪಗಿನ ನೀರು. ಒಂಟೆಗಾರರು ನೂರಾರು ಒಂಟೆ ಹೊಡೆದುಕೊಂಡು ಬಂದು ಆ ನೀರಿಗೆ ಇಳಿಸುತ್ತಾರೆ. ಒಂಟೆಗಳ ಲದ್ದಿಯಿಂದ ಪಾಚಿ ಬೆಳೆಯುತ್ತೆ, ಪಾಚಿ ತಿಂದು ಮೀನು ಬದುಕುತ್ತೆ. ಆ ಮೀನು ತಿಂದು ಬಂಡೆಯ ಇನ್ನೊಂದು ಬದಿಯಲ್ಲಿ ಕೆಲವೇ ಕೆಲವು ಮೊಸಳೆಗಳು ಮಲಗಿರುತ್ತವೆ. ಸುತ್ತ ನೂರಾರು ಕಿಲೋಮೀಟರ್ ಮರಳು. ಅವು ಎಲ್ಲಿಂದಲೋ ಬಂದವಲ್ಲ. ಕೆರೆಗಳಿದ್ದಾಗಿನಿಂದ ಅಲ್ಲೇ ಇವೆ.